ನಮ್ಮ ಮನೆಗೆ ನಾವೇ ಟಿಕೆಟ್ ತಗೊಳ್ಳಬೇಕಾ?

ಪ್ರೀತಿಯ ಮಗಳೇ,

ನಿನ್ನ ಕಾಗದ ಬಂತು. ನಮ್ಮ ಕುಟುಂಬದ ಹಳೇ ಮನೆ ಮ್ಯೂಸಿಯಂ ಆಗುವ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ, ಅದನ್ನು ಮತ್ತೆ ಬರೆಯುವುದಿಲ್ಲ. ಆದರೆ ಕೊನೆಗೆ ಒಂದು ಮಾತು ಕೇಳಿದ್ದೀಯಲ್ಲ, "ದೊಡ್ಡಮ್ಮಾ, ಇನ್ನು ನಮ್ಮ ಮನೆಗೆ ನಾವೇ ಟಿಕೆಟ್ ತಗೊಂಡು ಹೋಗಬೇಕಾ" ಅಂತ. ಅದನ್ನು ಓದಿದ ಮೇಲೆ ನಿದ್ದೆ ಹತ್ತಲಿಲ್ಲ.

ಹೆದರಿಕೆ ಸುಮ್ನೆ ಬಂದದ್ದಲ್ಲ. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆ ಈಗ ನಾಣ್ಯಗಳ ಮ್ಯೂಸಿಯಂ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಶುರು ಮಾಡಿದವರ ಮನೆ ಅದು. ಮಂಗಳೂರು ಬಿಜೈಯ ಶ್ರೀಮಂತಿಬಾಯಿ ಮ್ಯೂಸಿಯಂ ಕೂಡ ಮಿರಾಜ್ಕರ್ ಅವರು ತಾಯಿಯ ಹೆಸರಲ್ಲಿ ಕೊಟ್ಟ ಬಂಗಲೆಯೇ. ಅಂಥ ಕಡೆ ಹೋದಾಗ ನನ್ನ ಕಣ್ಣು ಗಾಜಿನ ಪೆಟ್ಟಿಗೆಗಳ ಮೇಲೆ ನಿಲ್ಲುವುದಿಲ್ಲ. ಒಲೆ ಎಲ್ಲಿತ್ತು, ಮಕ್ಕಳು ಎಲ್ಲಿ ಮಲಗುತ್ತಿದ್ದರು ಅಂತಲೇ ಹುಡುಕುತ್ತದೆ.

ನನ್ನ ತವರುಮನೆಯನ್ನು ಪಾಲಿನ ಸಮಯದಲ್ಲಿ ಬಿಚ್ಚಿ ಮಾರಿದರು. ಹಲಸಿನ ಕಂಬ, ಚಾವಡಿಯ ಮುಚ್ಚಿಗೆ ಎಲ್ಲ ಲಾರಿ ಹತ್ತಿತು. ಅಮ್ಮ ಕುಂಕುಮ ಹಚ್ಚಿ ಹಚ್ಚಿ ಕೆಂಪಾಗಿದ್ದ ಹೊಸ್ತಿಲನ್ನೂ ಮರದ ಲೆಕ್ಕದಲ್ಲೇ ಅಳೆದರು. ನಾನು ಮದುವೆಯಾಗಿ ಬಂದವಳು, ನನ್ನ ಮಾತು ಯಾರು ಕೇಳುತ್ತಾರೆ? ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದಾರಲ್ಲ. ಅಲ್ಲಿ ಕುಂಜೂರು ಚೌಕಿಮನೆ ನೋಡುವಾಗ, ನಮ್ಮದೂ ಅವರ ಕಣ್ಣಿಗೆ ಬೀಳಬಾರದಿತ್ತಾ ಅನಿಸುತ್ತದೆ. ಟಿಕೆಟ್ ತಗೊಂಡಾದರೂ ಆ ಹೊಸ್ತಿಲು ದಾಟುತ್ತಿದ್ದೆ.

ಹಾಗಂತ ನಿನ್ನ ಟಿಕೆಟಿನ ಮಾತನ್ನು ತಳ್ಳಿಹಾಕುತ್ತಿಲ್ಲ. ಮನೆಯನ್ನು ಮ್ಯೂಸಿಯಂಗೆ ಕೊಡುವ ಪತ್ರ ಮಾಡುವಾಗ ದೇವರ ಕೋಣೆ ಮತ್ತು ಹಿಂದಿನ ಒಂದು ಕೋಣೆ ಮನೆಯವರಿಗೇ ಅಂತ ಬರೆಸಲು ಆಗುತ್ತದಾ, ವಕೀಲರನ್ನು ಕೇಳು. ಬಾಯಿಮಾತು ಬೇಡ. ಕಾನೂನು ನನಗೆ ಅಷ್ಟಾಗಿ ಗೊತ್ತಿಲ್ಲ, ತಪ್ಪು ತಿಳಿಯಬೇಡ. ಆಗಾಗ ಒಲೆ ಹೊತ್ತಿಸಲಿ, ಹೊಗೆ ತಾಗಿದ ಮರಕ್ಕೆ ಹುಳ ಬೇಗ ಹಿಡಿಯುವುದಿಲ್ಲ. ಮತ್ತೆ, ಮಳೆಗಾಲಕ್ಕೆ ಮೊದಲು ಹಂಚು ಸರಿಮಾಡಿಸುವವರು ಯಾರು? ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಒಂದು ಹಂಚು ಜಾರಿದರೂ ಅಟ್ಟದ ಕಡತಗಳು ಒದ್ದೆಯಾಗುತ್ತವೆ.

ಟಿಕೆಟ್ ಕೊಡುವವರಿಗೆ ನಿನ್ನ ಗುರುತು ಸಿಗದಿದ್ದರೆ ಅಂತ ನನಗೂ ಸಂಕಟವಾಗುತ್ತದೆ. ಅದಕ್ಕೇ, ರಜೆ ಸಿಕ್ಕರೆ ಶುರುವಿಗೆ ನೀನೇ ನಿಂತು ಜನರಿಗೆ ಮನೆ ತೋರಿಸು. ಅಜ್ಜಿಯ ಕಡೆಗೋಲು ಯಾವುದು, ಬಾಣಂತಿ ಕೋಣೆ ಯಾವುದು ಅಂತ ಹೊರಗಿನವರಿಗೆ ಹೇಗೆ ಗೊತ್ತಾಗಬೇಕು?

ಅಷ್ಟಾಗಿಯೂ ಮನಸ್ಸು ಒಪ್ಪದಿದ್ದರೆ ಸಹಿ ಹಾಕುವ ಮೊದಲೇ ನನಗೆ ಫೋನ್ ಮಾಡು. ದೊಡ್ಡಪ್ಪನ ಹತ್ತಿರ ನಾನು ಮಾತಾಡುತ್ತೇನೆ.

ನಿನ್ನ ದೊಡ್ಡಮ್ಮ