ಒಂದು ದಿನದ ಫ್ಲೆಕ್ಸ್‌ಗೆ ದುಡ್ಡು ಸುರಿಯಬೇಡಿ, ಮೂರು ವರ್ಷ ನಮ್ಮ ಮೈದಾನದಲ್ಲಿ ನಿಲ್ಲಿ

ಮಾನ್ಯ ಸಂಪಾದಕರೇ,

ಅಡಿಕೆ ಕೊಯ್ಲು ಒಂದು ಹಂತಕ್ಕೆ ಬಂತು ಅಂದರೆ ನಮ್ಮ ಮಲೆನಾಡಿನಲ್ಲಿ ಟೂರ್ನಮೆಂಟುಗಳ ಕಾಲ ಶುರು. ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್, ಅಂಡರ್‌ಆರ್ಮ್ ಕ್ರಿಕೆಟ್. ಮಳೆಗಾಲದಲ್ಲಾದರೆ ಕೆಸರುಗದ್ದೆ ಓಟ, ಹಗ್ಗಜಗ್ಗಾಟ. ಇವಕ್ಕೆಲ್ಲ ಪ್ರಾಯೋಜಕರನ್ನು ಹುಡುಕಿಕೊಂಡು ರಸೀದಿ ಪುಸ್ತಕ ಹಿಡಿದು ಓಡಾಡುವ ಯುವಕ ಸಂಘದವರಲ್ಲಿ ನಾನೂ ಒಬ್ಬ. ಈ ಪತ್ರ ದುಡ್ಡು ಕೊಡುವ ಕಂಪನಿಗಳಿಗೂ ಹೌದು, ಕೇಳುವ ನಮ್ಮಂಥವರಿಗೂ ಹೌದು. ಒಂದು ದಿನದ ಆಟಕ್ಕೆ ಅಂತ ಕೊಡುವ ದುಡ್ಡಿನಿಂದ ಕೊಟ್ಟವರ ವ್ಯಾಪಾರವೂ ಬೆಳೆಯುವುದಿಲ್ಲ, ಊರಿಗೂ ಏನೂ ಉಳಿಯುವುದಿಲ್ಲ. ಅದೇ ದುಡ್ಡನ್ನು ಒಂದೇ ಕಡೆ ಮೂರು ವರ್ಷ ಕೊಟ್ಟರೆ ಎರಡೂ ಆಗುತ್ತದೆ.

ದೊಡ್ಡ ಕಂಪನಿಗಳ ಕಥೆಯನ್ನೇ ಮೊದಲು ನೋಡಿ. ಭಾರತ ಕ್ರಿಕೆಟ್ ತಂಡದ ಜೆರ್ಸಿ ಮೇಲೆ ಹೆಸರು ಹಾಕಿಸಲು 2017ರಲ್ಲಿ ಒಪ್ಪೋ ಐದು ವರ್ಷಕ್ಕೆ 1,079 ಕೋಟಿ ರೂಪಾಯಿಗೆ ಒಪ್ಪಂದ ಮಾಡಿಕೊಂಡಿತು. 2019ರಲ್ಲೇ ಬಿಟ್ಟು ಆನ್‌ಲೈನ್ ಪಾಠದ ಕಂಪನಿ ಬೈಜೂಸ್‌ಗೆ ದಾಟಿಸಿತು. ಬೈಜೂಸ್ ಕೊನೆಗೆ ಬಿಸಿಸಿಐಗೆ 158 ಕೋಟಿ ಬಾಕಿ ಉಳಿಸಿಕೊಂಡು, ಅದೇ ಬಾಕಿಯ ಕೇಸಿನಲ್ಲಿ 2024ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಆಮೇಲೆ ಬಂದ ಡ್ರೀಮ್11, ಫೋನಿನಲ್ಲಿ ದುಡ್ಡು ಕಟ್ಟಿ ಆಡಿಸುವ ಗೇಮ್ ಕಂಪನಿ, ಮೂರು ವರ್ಷಕ್ಕೆ 358 ಕೋಟಿಗೆ ಒಪ್ಪಿತ್ತು. 2025ರ ಆಗಸ್ಟ್‌ನಲ್ಲಿ ಅಂಥ ಆಟಗಳನ್ನು ನಿಷೇಧಿಸುವ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದ ಕೂಡಲೇ ಅದೂ ಹೊರಟಿತು. ಆ ಸೆಪ್ಟೆಂಬರ್‌ನ ಏಷ್ಯಾ ಕಪ್‌ನಲ್ಲಿ ನಮ್ಮ ತಂಡ ಎದೆ ಮೇಲೆ ಯಾವ ಕಂಪನಿಯ ಹೆಸರೂ ಇಲ್ಲದೆ ಆಡಿ ಕಪ್ ಗೆದ್ದಿತು. ಈಗ ಅಪೊಲೊ ಟೈರ್ಸ್ 579 ಕೋಟಿ ಕೊಟ್ಟು ಬಂದಿದೆ.

ಇಷ್ಟು ದುಡ್ಡು ಹಾಕಿದ್ದಕ್ಕೆ ಹೆಸರು ಎಲ್ಲರಿಗೂ ಗೊತ್ತಾಯಿತು, ಅದನ್ನು ಒಪ್ಪಲೇಬೇಕು. ನಮ್ಮೂರಿನ ಅಜ್ಜಂದಿರಿಗೂ ಬೈಜೂಸ್ ಹೆಸರು ಗೊತ್ತಿತ್ತು. ಆದರೆ ಹೆಸರು ಗೊತ್ತಾಗುವುದು ಬೇರೆ, ಜನ ನಂಬಿ ಕೊಳ್ಳುವುದು ಬೇರೆ. ಪ್ರಾಯೋಜಕತ್ವದಿಂದ ಮೊದಲನೆಯದು ಬೇಗ ಸಿಗುತ್ತದೆ. ಎರಡನೆಯದಕ್ಕೆ ಸರಕು ಚೆನ್ನಾಗಿರಬೇಕು, ಕಂಪನಿ ಜನರ ಕಣ್ಣೆದುರು ಬಹಳ ಕಾಲ ಇರಬೇಕು.

ನಂದಿನಿಯ ವಿಷಯ ನನಗೆ ಇನ್ನೂ ಹತ್ತಿರದ್ದು, ಯಾಕೆಂದರೆ ನಾನು ದಿನಾ ಬೆಳಿಗ್ಗೆ ಡೇರಿಗೆ ಹಾಲು ಹಾಕುವವನು. 2024ರ ಟಿ20 ವಿಶ್ವಕಪ್‌ನಲ್ಲಿ ನಂದಿನಿ ನಡೆಸುವ ಕರ್ನಾಟಕ ಹಾಲು ಮಹಾಮಂಡಳ, ಅಂದರೆ ಕೆಎಂಎಫ್, ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳಿಗೆ ಪ್ರಾಯೋಜಕ ಆಯಿತು. ಅಮುಲ್ ಆ ಸಲ ಅಮೆರಿಕ ಮತ್ತು ದಕ್ಷಿಣ ಆಫ್ರಿಕಾ ತಂಡಗಳ ಜೊತೆ ಇತ್ತು. ಅಮುಲ್ ಇದನ್ನು ಹೊಸದಾಗಿ ಮಾಡಿದ್ದಲ್ಲ, 2011ರ ವಿಶ್ವಕಪ್‌ನಲ್ಲೇ ನೆದರ್ಲೆಂಡ್ಸ್ ತಂಡಕ್ಕೆ ಕೊಟ್ಟಿತ್ತು. ಸಣ್ಣ ತಂಡ ಹಿಡಿದರೆ ಖರ್ಚು ಕಡಿಮೆ, ಟಿವಿಯಲ್ಲಿ ಕಾಣುವುದು ಅದೇ ಜಗತ್ತಿನ ಕಣ್ಣಿಗೆ. ಲೆಕ್ಕ ತಪ್ಪಲ್ಲ. ಜೂನ್ 5ರಂದು ನ್ಯೂಯಾರ್ಕ್‌ನಲ್ಲಿ ಭಾರತ–ಐರ್ಲೆಂಡ್ ಪಂದ್ಯ ನಡೆದಾಗ ಎದುರಾಳಿಗಳ ಬಟ್ಟೆ ಮೇಲೆ ನಂದಿನಿ ನೋಡಿ ನಮಗೆಲ್ಲ ಖುಷಿ ಆಗಿದ್ದು ನಿಜ, ನಮ್ಮ ಹಟ್ಟಿಯ ಹಾಲಿನ ಹೆಸರು ಅಲ್ಲಿವರೆಗೆ ಹೋಯಿತಲ್ಲ ಅಂತ. ಆದರೆ ಸಂಪಾದಕರೇ, ಅದರಿಂದ ಎಷ್ಟು ಮಾರಾಟ ಆಯಿತು, ಯಾವ ದೇಶದ ಅಂಗಡಿಯಲ್ಲಿ ನಮ್ಮ ತುಪ್ಪ, ಪೇಡ ಕೂತಿತು ಅಂತ ಹಾಲು ಹಾಕುವವರ ಮಟ್ಟಕ್ಕೆ ಬಂದು ಯಾರೂ ಹೇಳಿಲ್ಲ. ಒಂದು ಖಾಸಗಿ ಕಂಪನಿ ತನ್ನ ದುಡ್ಡು ಕಳೆದುಕೊಂಡರೆ ಅದರ ಇಷ್ಟ. ಇದು ಸಹಕಾರಿ ಸಂಸ್ಥೆ, ಲೀಟರಿಗೆ ಒಂದು ರೂಪಾಯಿ ಹೆಚ್ಚು ಸಿಕ್ಕರೆ ಹಿಂಡಿ ಖರ್ಚಿಗಾದರೂ ಆದೀತು ಅಂತ ಕಾಯುವವರ ಸಂಸ್ಥೆ. ಹಾಗಾಗಿ ಕೇಳುವ ಹಕ್ಕು ನಮಗಿದೆ, ಅಲ್ವಾ?

ಈಗ ನಮ್ಮ ಜಿಲ್ಲೆಗೆ ಬರೋಣ. ನಮ್ಮ ರಾಜ್ಯದ ತಂಡಗಳು ಆಡುವ ಮಹಾರಾಜ ಟ್ರೋಫಿ ಟಿ20ಯಲ್ಲಿ ಶಿವಮೊಗ್ಗ ಲಯನ್ಸ್ ಅಂತ ತಂಡ ಇದೆ. ಹೆಸರು ನಮ್ಮದು, ಆದರೆ 2022ರಿಂದ 2025ರವರೆಗಿನ ಟೂರ್ನಿಯ ಪಂದ್ಯಗಳೆಲ್ಲ ನಡೆದಿದ್ದು ಬೆಂಗಳೂರು, ಮೈಸೂರಿನಲ್ಲಿ. ಶಿವಮೊಗ್ಗದ ನವುಲೆಯಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆ ಕೆಎಸ್‌ಸಿಎಯ ಮೈದಾನ ಇದೆ, ರಣಜಿ ಪಂದ್ಯಗಳೂ ಆಗಿವೆ. ಶಿವಮೊಗ್ಗದ ಹೆಸರಿನ ತಂಡಕ್ಕೆ ದುಡ್ಡು ಹಾಕಿದವರಿಗೆ ಶಿವಮೊಗ್ಗದ ಗಿರಾಕಿಯ ಮುಖವೇ ಕಾಣುವುದಿಲ್ಲ. ನಮ್ಮ ಹುಡುಗರಿಗೂ ಆ ತಂಡ ನಮ್ಮದು ಅಂತ ಅನ್ನಿಸುವುದು ಕಷ್ಟ. ಅಭಿಮಾನ ಬೆಳೆಯುವುದು ನಡೆದುಕೊಂಡು ಹೋಗಿ ಆಟ ನೋಡಿದಾಗ. ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದು ನಮ್ಮ ಭದ್ರಾವತಿಯಲ್ಲಿ ಅಂತ ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುವ ಊರು ಇದು. ಇಂಥ ಕಡೆ ಎರಡೇ ಎರಡು ಪಂದ್ಯ ಇಟ್ಟರೂ ಪ್ರಾಯೋಜಕರಿಗೆ ಟಿವಿಯಲ್ಲಿ ಸಿಗದಷ್ಟು ಹೆಸರು ಸಿಗುತ್ತದೆ.

ಹಳ್ಳಿ ಟೂರ್ನಮೆಂಟಿನ ಸಮಸ್ಯೆಯೇ ಬೇರೆ. ಒಂದು ಫ್ಲೆಕ್ಸ್ ತೆಗೆದುಕೊಳ್ಳಿ. ಮೇಲೆ ದೇವರು, ಪಕ್ಕದಲ್ಲಿ ಶಾಸಕರು, ಮಾಜಿ ಶಾಸಕರು, ಆಗಬೇಕು ಅಂತಿರುವವರು, ಎಲ್ಲರ ಫೋಟೋ. ಮೊದಲ ಬಹುಮಾನ ಕೊಟ್ಟ ಅಂಗಡಿಯ ಹೆಸರು ಕೆಳಗೆ ಮೂಲೆಯಲ್ಲಿ, ಇಪ್ಪತ್ತು ಮೂವತ್ತು ಹೆಸರುಗಳ ನಡುವೆ. ಅದನ್ನು ಓದುವವರು ಯಾರು? ಮೈಕಿನಲ್ಲಿ ಕೂಗುತ್ತೇವೆ, ಸರಿ, ಆದರೆ ರೈಡರ್ ಅಂಕಣಕ್ಕೆ ಇಳಿದ ಹೊತ್ತಿಗೆ ಜನರ ಕಿವಿ ಅಲ್ಲಿರುವುದಿಲ್ಲ. ಮಾರನೇ ದಿನ ಫ್ಲೆಕ್ಸ್ ಯಾರದೋ ಕೊಟ್ಟಿಗೆಗೆ ಮಳೆ ತಡೆಯಲು ಹೋಗುತ್ತದೆ. ಕಂಪನಿಯ ಏರಿಯಾ ಮ್ಯಾನೇಜರ್ ಎರಡು ಫೋಟೋ ಮೇಲಿನವರಿಗೆ ಕಳಿಸಿ ಕೆಲಸ ಮುಗಿಸುತ್ತಾರೆ.

ಇದರಲ್ಲಿ ನಮ್ಮ ಸಂಘಟಕರ ಪಾಲೂ ಇದೆ, ಅದನ್ನು ಮುಚ್ಚಿಡುವುದು ಬೇಡ. ದುಡ್ಡು ಇಸಿದುಕೊಂಡ ಮೇಲೆ ಎಷ್ಟು ತಂಡ ಬಂದವು, ಅಂದಾಜು ಎಷ್ಟು ಜನ ಸೇರಿದರು, ಯಾವ ಊರುಗಳಿಂದ ಬಂದರು, ದುಡ್ಡು ಎಲ್ಲಿಗೆ ಖರ್ಚಾಯಿತು ಅಂತ ಒಂದು ಹಾಳೆಯಲ್ಲಿ ಬರೆದು ಕೊಡುವ ಅಭ್ಯಾಸ ನಮ್ಮ ಬಹುತೇಕ ಸಂಘಗಳಿಗೆ ಇಲ್ಲ. ಮುಂದಿನ ವರ್ಷ ಮತ್ತೆ ಅದೇ ಬಾಗಿಲಿಗೆ ಹೋಗಿ ನಿಲ್ಲುತ್ತೇವೆ. ಕೊಟ್ಟವರಿಗೆ ಬೇಸರ ಬರದೆ ಇರುತ್ತಾ? ಇನ್ನೊಂದು ಕಡೆ, ಬಾಯಿಮಾತಿನಲ್ಲಿ ಹೂಂ ಅಂದು ಕೊನೇ ಗಳಿಗೆಯಲ್ಲಿ ಕೈ ಎತ್ತುವ ಕಂಪನಿಗಳೂ ಇವೆ. ನಮಗೇ ಹೀಗಾಗಿದೆ. ಕರಪತ್ರ ಅಚ್ಚಾಗಿತ್ತು, ಅದರಲ್ಲಿ ಅವರ ಹೆಸರೂ ಇತ್ತು, ಆಟಕ್ಕೆ ವಾರವಿದ್ದಾಗ ಈ ಸಲ ಬಜೆಟ್ ಇಲ್ಲ ಅಂದರು. ಬಹುಮಾನದ ದುಡ್ಡು ಹೊಂದಿಸಲು ಸಂಘದ ಹುಡುಗರು ಸಾಲ ಮಾಡಿದರು. ಆ ಹುಡುಗರು ಇವತ್ತಿಗೂ ಆ ಕಂಪನಿಯ ಸರಕು ಮುಟ್ಟುವುದಿಲ್ಲ. ಕೈಬಿಟ್ಟ ಪ್ರಾಯೋಜಕತ್ವ ಏನೂ ಕೊಡದೇ ಇರುವುದಕ್ಕಿಂತ ಕೆಟ್ಟ ಹೆಸರು ತರುತ್ತದೆ. ಹಾಗಾಗಿ ಎಷ್ಟೇ ಸಣ್ಣ ಮೊತ್ತವಾದರೂ ಬರಹದಲ್ಲಿ ಒಪ್ಪಂದ ಆಗಲಿ, ಅರ್ಧ ದುಡ್ಡು ಮುಂಚೆ ಬರಲಿ.

ದುಡ್ಡು ಕೊಟ್ಟ ಮೇಲೆ ಅದನ್ನು ಬಳಸಿಕೊಳ್ಳುವ ಕೆಲಸವೂ ಇದೆ. 1996ರ ವಿಶ್ವಕಪ್‌ನಲ್ಲಿ ಅಧಿಕೃತ ತಂಪು ಪಾನೀಯ ಕೋಕಾ-ಕೋಲಾ. ಆದರೆ ಪೆಪ್ಸಿಯವರು ತಮ್ಮದು ಅಧಿಕೃತ ಅಲ್ಲ ಅನ್ನುವುದನ್ನೇ ಜಾಹೀರಾತು ಮಾಡಿಕೊಂಡರು, ಜನ ಹೆಚ್ಚು ನೆನಪಿಟ್ಟುಕೊಂಡಿದ್ದು ಅದನ್ನೇ. ನಮ್ಮಲ್ಲೂ ಒಬ್ಬರು ಟ್ರೋಫಿ ಕೊಟ್ಟಿರುತ್ತಾರೆ, ಅದೇ ವ್ಯಾಪಾರದ ಇನ್ನೊಬ್ಬರು ಮೈದಾನದ ಗೇಟಿನಲ್ಲಿ ಟೇಬಲ್ ಹಾಕಿ ಬಂದವರ ಜೊತೆ ಮಾತಾಡಿ ಫೋನ್ ನಂಬರ್ ಬರೆದುಕೊಂಡು ಹೋಗುತ್ತಾರೆ. ಲಾಭ ಆಗುವುದು ಗೇಟಿನಲ್ಲಿ ಕೂತವರಿಗೆ. ಕಳೆ ಕತ್ತರಿಸುವ ಮೆಷಿನ್ ಮಾರುವವರು, ಡ್ರಿಪ್ ಪೈಪಿನವರು, ಗೊಬ್ಬರದವರು ಫ್ಲೆಕ್ಸ್ ಕಟ್ಟಿ ಹೋಗುವ ಬದಲು ಅಲ್ಲೇ ನಿಲ್ಲಲಿ. ಊಟದ ಕೂಪನ್ ಹಿಂದೆ ತಮ್ಮ ಡೀಲರ್ ವಿಳಾಸ ಹಾಕಲಿ, ಆ ಕೂಪನ್ ತಂದವರಿಗೆ ಸ್ವಲ್ಪ ರಿಯಾಯಿತಿ ಕೊಡಲಿ. ಎಷ್ಟು ಕೂಪನ್ ವಾಪಸ್ ಬಂತು ಅಂತ ಎಣಿಸಿದರೆ ದುಡ್ಡು ಕೆಲಸ ಮಾಡಿತಾ ಇಲ್ವಾ ಅಂತ ಗೊತ್ತಾಗುತ್ತದೆ. ಇದಕ್ಕೆ ಬೆಂಗಳೂರಿನ ಏಜೆನ್ಸಿ ಬೇಕಾಗಿಲ್ಲ.

ಬಹಳ ದಿನ ನಿಂತರೆ ಏನಾಗುತ್ತದೆ ಅನ್ನುವುದಕ್ಕೆ ಒಡಿಶಾ ನೋಡಿ. ಅದು ಕಂಪನಿ ಅಲ್ಲ, ಸರ್ಕಾರ. ಆದರೂ ಪಾಠ ಒಂದೇ. 2018ರಿಂದ ಭಾರತದ ಹಾಕಿ ತಂಡಗಳ ಜೆರ್ಸಿ ಮೇಲೆ ಆ ರಾಜ್ಯದ ಹೆಸರಿದೆ. ಜೊತೆಗೆ ಮೈದಾನ ಕಟ್ಟಿದರು, 2018 ಮತ್ತು 2023ರ ವಿಶ್ವಕಪ್ ನಡೆಸಿದರು. ಟೋಕಿಯೊ, ಪ್ಯಾರಿಸ್ ಎರಡೂ ಒಲಿಂಪಿಕ್ಸ್‌ನಲ್ಲಿ ಪುರುಷರ ತಂಡ ಕಂಚು ತಂದಾಗ ಒಡಿಶಾದ ಹೆಸರೂ ಜೊತೆಗೆ ಬಂತು. ಟಾಟಾದವರು ಜಮ್‌ಶೆಡ್‌ಪುರದಲ್ಲಿ 1996ರಲ್ಲಿ ಬಿಲ್ಲುಗಾರಿಕೆ ಅಕಾಡೆಮಿ ಶುರು ಮಾಡಿದರು, ದೀಪಿಕಾ ಕುಮಾರಿಯಂಥವರು ಅಲ್ಲಿಂದ ಬಂದರು. ಅಡಿಕೆ ಸಸಿ ನೆಟ್ಟ ವರ್ಷವೇ ನಾವು ಗೊನೆ ಕೇಳುವುದಿಲ್ಲ, ಇದೂ ಹಾಗೆಯೇ.

ಇನ್ನೊಂದು ವಿಷಯ ನಮ್ಮ ಸಂಘಟಕರಿಗೆ ಗೊತ್ತಿರಬೇಕು. ಕಂಪನಿಗೆ ಹೋದ ಕೂಡಲೇ ನಾವು ಸಿಎಸ್‌ಆರ್ ದುಡ್ಡು, ಅಂದರೆ ಸಮಾಜಕ್ಕೆ ಅಂತ ಕಂಪನಿ ತೆಗೆದಿಡುವ ದುಡ್ಡು, ಕೊಡಿ ಅನ್ನುತ್ತೇವೆ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು, ಗ್ರಾಮೀಣ ಕ್ರೀಡೆಗಳ ತರಬೇತಿ ಆ ಪಟ್ಟಿಯಲ್ಲಿದೆ. ಆದರೆ ತಮ್ಮ ಸರಕಿನ ಪ್ರಚಾರಕ್ಕಾಗಿ ಕೊಡುವ ಪ್ರಾಯೋಜಕತ್ವ ಅದರಲ್ಲಿ ಸೇರುವುದಿಲ್ಲ ಅಂತ 2021ರ ತಿದ್ದುಪಡಿ ನಿಯಮದಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಅಂದರೆ ಟೂರ್ನಮೆಂಟಿಗೆ ಫ್ಲೆಕ್ಸ್ ಕಟ್ಟುವ ದುಡ್ಡು ಬೇರೆ ಖಾತೆ, ವರ್ಷವಿಡೀ ಮಕ್ಕಳಿಗೆ ಕಬಡ್ಡಿ ಕಲಿಸುವ ಕೋಚ್‌ಗೆ ಕೊಡುವ ದುಡ್ಡು ಬೇರೆ ಖಾತೆ. ಎರಡನೆಯದನ್ನು ಕೇಳುವವರು ನಮ್ಮಲ್ಲಿ ತುಂಬಾ ಕಡಿಮೆ. ಮ್ಯಾಟ್, ಕೋಚ್, ಗಾಯವಾದರೆ ಚಿಕಿತ್ಸೆ, ಇವನ್ನೆಲ್ಲ ಒಂದು ಅರ್ಜಿಯಲ್ಲಿ ಬರೆದು ಸರಿಯಾದ ಬಾಗಿಲು ತಟ್ಟೋಣ.

ಪಾನ್ ಮಸಾಲಾ ವಿಷಯ ಹೇಳದೆ ಇದ್ದರೆ ಈ ಪತ್ರ ಪೂರ್ತಿ ಆಗುವುದಿಲ್ಲ. ನಮ್ಮ ಜೀವನ ನಡೆಯುವುದೇ ಅಡಿಕೆಯಿಂದ, ಅದರ ದೊಡ್ಡ ಗಿರಾಕಿ ಆ ಉದ್ಯಮವೇ, ಇದು ನನಗೂ ಗೊತ್ತು. ಆದರೂ ಏಲಕ್ಕಿ ಹೆಸರಿನಲ್ಲಿ, ಸೋಡಾ ಹೆಸರಿನಲ್ಲಿ ಗುಟ್ಕಾ ಮತ್ತು ಮದ್ಯದ ಬ್ರ್ಯಾಂಡ್‌ಗಳು ಆಟದ ಬೌಂಡರಿಗೆ ಬರುವುದು ಸರಿಯಲ್ಲ. ತಂಬಾಕು ಕಂಪನಿಗಳ ಪ್ರಾಯೋಜಕತ್ವವನ್ನು 2003ರ ಕಾಯ್ದೆಯೇ ನಿಷೇಧಿಸಿದೆ. ಇಂಥ ಮರೆಮಾಚಿದ ಜಾಹೀರಾತು ಸೇರಿ ತಂಬಾಕು, ಮದ್ಯದ ಜಾಹೀರಾತುಗಳನ್ನೆಲ್ಲ ಐಪಿಎಲ್‌ನಲ್ಲಿ ನಿಲ್ಲಿಸಿ ಅಂತ ಕೇಂದ್ರ ಆರೋಗ್ಯ ಇಲಾಖೆ 2025ರ ಮಾರ್ಚ್‌ನಲ್ಲಿ ಪತ್ರವನ್ನೂ ಬರೆದಿತ್ತು. ಹೈಸ್ಕೂಲ್ ಹುಡುಗರು ಹಾಕುವ ಜೆರ್ಸಿಗೆ ಆ ದುಡ್ಡು ಬೇಡ. ಜೆರ್ಸಿ ಇಲ್ಲದೆ ಆಡಿದರೂ ಪರವಾಗಿಲ್ಲ.

ಯಾರ ಗಮನವೂ ಹೋಗದೆ ಇರುವುದು ಹೆಣ್ಣುಮಕ್ಕಳ ತಂಡಗಳ ಕಡೆಗೆ. ಕಡೂರಿನ ವೇದಾ ಕೃಷ್ಣಮೂರ್ತಿ ಭಾರತಕ್ಕೆ ಆಡಿದವರು. 2025ರ ನವೆಂಬರ್‌ನಲ್ಲಿ ನಮ್ಮ ಮಹಿಳಾ ತಂಡ ಏಕದಿನ ವಿಶ್ವಕಪ್ ಗೆದ್ದ ರಾತ್ರಿ ನಮ್ಮೂರಲ್ಲೂ ಪಟಾಕಿ ಹೊಡೆದರು. ಆದರೆ ಇಲ್ಲಿನ ಹುಡುಗಿಯರ ಕಬಡ್ಡಿ, ಥ್ರೋಬಾಲ್ ತಂಡಕ್ಕೆ ಒಂದು ಜೊತೆ ಬಟ್ಟೆ ಕೊಡಿಸಿ ಅಂದರೆ ಪ್ರಾಯೋಜಕರು ಹಿಂದೆ ಮುಂದೆ ನೋಡುತ್ತಾರೆ. ವ್ಯಾಪಾರದ ಲೆಕ್ಕದಲ್ಲೂ ಇದು ತಪ್ಪು. ಹುಡುಗರ ಫ್ಲೆಕ್ಸಿನಲ್ಲಿ ಮೂವತ್ತರಲ್ಲಿ ಒಬ್ಬರಾಗುವ ಬದಲು ಹುಡುಗಿಯರ ತಂಡಕ್ಕೆ ಒಬ್ಬರೇ ಪ್ರಾಯೋಜಕ ಆಗಬಹುದು. ಆ ಹುಡುಗಿಯರ ತಂದೆ ತಾಯಿ, ಇಡೀ ಕೇರಿ ಆ ಹೆಸರು ನೆನಪಿಟ್ಟುಕೊಳ್ಳುತ್ತದೆ.

ನಿಮ್ಮ ಪತ್ರಿಕೆಯಲ್ಲೂ ಒಂದು ಕೋರಿಕೆ. ಟೂರ್ನಮೆಂಟಿನ ಫಲಿತಾಂಶ ಹಾಕುವಾಗ ಉದ್ಘಾಟನೆಗೆ ಬಂದವರ ಪಟ್ಟಿ ಸ್ವಲ್ಪ ಕಡಿಮೆ ಮಾಡಿ, ಆಡಿದ ಮಕ್ಕಳ ಹೆಸರು, ದುಡ್ಡು ಕೊಟ್ಟವರ ಹೆಸರು ಒಂದು ಸಾಲು ಸೇರಿಸಿ. ಒಪ್ಪಂದ ಮಾಡಿ ಕೈಬಿಟ್ಟವರಿದ್ದರೆ ಅದನ್ನೂ ವಿಚಾರಿಸಿ ಬರೆಯಿರಿ. ಮತ್ತೆ ನಮ್ಮ ಶಿವಮೊಗ್ಗ ಹಾಲು ಒಕ್ಕೂಟ ಶಿಮುಲ್ ವ್ಯಾಪ್ತಿಯಲ್ಲಿ ಹಾಲು ಹಾಕುವ ಎಲ್ಲರಿಗೂ ಹೇಳುವುದು ಇಷ್ಟು: ನಿಮ್ಮ ಡೇರಿಯ ವಾರ್ಷಿಕ ಮಹಾಸಭೆಯಲ್ಲಿ ಆ ವಿಶ್ವಕಪ್ ಜೆರ್ಸಿಯಿಂದ ಏನು ಬಂತು ಅಂತ ಒಂದು ಪ್ರಶ್ನೆ ಕೇಳಿ, ಮುಂದಿನ ಸಲ ಅದರಲ್ಲಿ ಒಂದು ಪಾಲು ನಮ್ಮ ತಾಲ್ಲೂಕಿನ ಮೈದಾನಗಳಿಗೆ ಮೂರು ವರ್ಷದ ಲೆಕ್ಕದಲ್ಲಿ ಕೊಡಿ ಅಂತ ನಡಾವಳಿ ಪುಸ್ತಕದಲ್ಲಿ ಬರೆಸಿ. ನಮ್ಮ ಡೇರಿಯಲ್ಲಿ ನಾನು ಬರೆಸುತ್ತೇನೆ.

ಇಂತಿ,
ಒಬ್ಬ ಹಾಲು ಉತ್ಪಾದಕ, ಯುವಕ ಸಂಘದ ಸದಸ್ಯ
ತೀರ್ಥಹಳ್ಳಿ ತಾಲ್ಲೂಕು