ಪಿಯಾನೊ ಕೇಳಲು ಸ್ಪೀಕರ್ ಕೊಳ್ಳುವವರ ಗಮನಕ್ಕೆ

ಗೆಳೆಯರೇ, ಪಿಯಾನೊಗೆ ಯಾವ ಸ್ಪೀಕರ್ ಒಳ್ಳೆಯದು ಅಂತ ಗುಂಪಿನಲ್ಲಿ ಪದೇಪದೇ ಕೇಳುತ್ತಿದ್ದೀರಿ. ಬ್ರ್ಯಾಂಡ್ ಮಾತು ಆಮೇಲೆ, ಮೊದಲು ಕೂತು ಕೇಳಿ.

ಪಿಯಾನೊದ 88 ಕೀಗಳ ಸ್ವರಗಳು, ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಹರ್ಟ್ಸ್ ಲೆಕ್ಕದಲ್ಲಿ, 27.5 ಹರ್ಟ್ಸ್‌ನಿಂದ ಸುಮಾರು 4186 ಹರ್ಟ್ಸ್‌ವರೆಗೆ ಹೋಗುತ್ತವೆ. ಹಾಗಂತ 27ರವರೆಗೂ ಇಳಿಯುವ ಭಾರೀ ಸ್ಪೀಕರೇ ಬೇಕು ಅಂತಿಲ್ಲ. ತೀರಾ ಕೆಳಗಿನ ಸ್ವರಗಳಲ್ಲಿ ಕಿವಿಗೆ ಬೀಳುವುದು ಜಾಸ್ತಿ ಅವುಗಳ ಉಪಸ್ವರಗಳೇ, ಅಂದರೆ ಮೂಲ ಸ್ವರದ ಜೊತೆಗೇ ಹುಟ್ಟುವ ಮೇಲಿನ ಸ್ವರಗಳು. 40ರ ಆಸುಪಾಸು ಸ್ವಚ್ಛವಾಗಿ ಬಂದರೆ ಮನೆಗೆ ಸಾಕು ಅಂತ ನನ್ನ ಅನಿಸಿಕೆ.

ನಿಜವಾದ ಪರೀಕ್ಷೆ ಪಿಯಾನೊ ಒಳಗಿನ ಸುತ್ತಿಗೆ ತಂತಿಗೆ ಬಡಿಯುವ ಕ್ಷಣದ್ದು. ಜೋರಾಗಿ ನುಡಿಸಿದಾಗ ಸಣ್ಣ ಸ್ಪೀಕರಿಗೆ ಗಂಟಲು ಕಟ್ಟಿದ ಹಾಗಾಗುತ್ತದೆ. ಸೆನ್ಸಿಟಿವಿಟಿ (ಕೊಟ್ಟ ಪವರಿಗೆ ಸ್ಪೀಕರ್ ಎಷ್ಟು ಜೋರಾಗಿ ಸದ್ದು ಮಾಡುತ್ತದೆ ಅನ್ನುವುದು) ನೋಡಿಕೊಳ್ಳಿ: 3 ಡೆಸಿಬೆಲ್ ಕಡಿಮೆ ಇದ್ದರೆ ಅಷ್ಟೇ ಸದ್ದಿಗೆ ಆಂಪ್ಲಿಫೈಯರ್ ಎರಡು ಪಟ್ಟು ಪವರ್ ಕೊಡಬೇಕು. ಒಂದೊಂದೇ ಸ್ವರ ಏರುತ್ತ ಹೋಗುವ ತುಣುಕು ಹಾಕಿಸಿ. ಒಂದೆರಡು ಸ್ವರ ಮಾತ್ರ ಗುಂಯ್ ಅಂತ ಎದ್ದು ಕೇಳಿಸಿದರೆ ಸ್ಪೀಕರಿನ ಡಬ್ಬವೋ ಕೋಣೆಯೋ ಅದುರುತ್ತಿದೆ ಅಂತ ತಿಳಿಯಿರಿ. ಕೆನಡಾದ ಪಿಯಾನೊ ವಾದಕ ಗ್ಲೆನ್ ಗೌಲ್ಡ್ ಮುದ್ರಣ ಸಿಕ್ಕರೆ ಇನ್ನೂ ಒಳ್ಳೆಯದು. ಆತ ನುಡಿಸುತ್ತ ಗುನುಗುವುದು ಪಿಯಾನೊದಿಂದ ಬೇರೆಯಾಗಿ ಕೇಳಿಸಬೇಕು.

ಮನೆಗೆ ತಂದ ಮೇಲೆ ಸುಮ್ನೆ ಮೂಲೆಗೆ ಒತ್ತಿ ಇಡಬೇಡಿ, ಎಡಗೈ ಸ್ವರಗಳೆಲ್ಲ ಕಲಸಿಹೋಗುತ್ತವೆ. ಅಂಗಡಿಗೆ ಹೋಗುವಾಗ ನಿಮಗೆ ಗೊತ್ತಿರುವ ತುಣುಕನ್ನೇ ಪೆನ್ ಡ್ರೈವ್‌ನಲ್ಲಿ ಒಯ್ಯಿರಿ. ಅವರ ಡೆಮೊ ಹಾಡಿಗೆ ಎಲ್ಲ ಸ್ಪೀಕರೂ ಚೆನ್ನಾಗೇ ಕೇಳಿಸುತ್ತವೆ, ಅಲ್ವಾ?