ಅಚ್ಚು ತಂದು ತೋರಿಸಿದ ಸಿಸ್ಟರ್‌ಗೆ

ನಿಮ್ಮ ಹೆಸರು ಕೇಳಲಿಲ್ಲ. ಬಾಯಿ ಅರ್ಧ ಮರಗಟ್ಟಿತ್ತು, ಕೇಳಿದ್ದರೂ ಮಾತು ನೆಟ್ಟಗೆ ಹೊರಡುತ್ತಿರಲಿಲ್ಲ ಬಿಡಿ.

ಕೆಳಗಿನ ದವಡೆ ಹಲ್ಲೊಂದನ್ನು ಕೀಳಿಸಿದ್ದೆ. ಬ್ರಿಡ್ಜ್ ಹಾಕಲು, ಅಂದರೆ ಅಕ್ಕಪಕ್ಕದ ಹಲ್ಲುಗಳ ಆಸರೆಯಲ್ಲಿ ಕಟ್ಟುಹಲ್ಲು ಕೂರಿಸಲು, ಆ ಎರಡು ಹಲ್ಲು ಉಜ್ಜಿ ಸಣ್ಣ ಮಾಡಬೇಕು ಅಂತ ಡಾಕ್ಟರು ಅಂದಾಗ ಜೀವ ಬಾಯಿಗೆ ಬಂತು. ಹೋಗಿದ್ದು ಒಂದು, ಗಟ್ಟಿಯಾಗಿರುವ ಎರಡನ್ನು ಯಾಕೆ ಸವೆಸಬೇಕು? ಕುರ್ಚಿಯಿಂದ ಎದ್ದೇಬಿಟ್ಟೆ.

ಡಾಕ್ಟರು ಆಚೆ ಹೋದಾಗ ನೀವು ಪ್ಲಾಸ್ಟರ್ ಅಚ್ಚೊಂದನ್ನು ತಂದು ನನ್ನ ಅಂಗೈಯಲ್ಲಿಟ್ಟಿರಿ. ಜೊತೆಗೆ ಮೂರು ಹಲ್ಲು ಅಂಟಿಕೊಂಡಿರುವ ಚಿಕ್ಕ ತುಂಡು. "ಎರಡು ತುದಿ ಟೊಳ್ಳು, ಟೋಪಿ ಥರ. ನಡುವಿನದಕ್ಕೆ ಬೇರಿಲ್ಲ, ಇವೆರಡೇ ಅದನ್ನ ಹೊರಬೇಕು. ಟೋಪಿ ಕೂರೋಕೆ ಜಾಗ ಬೇಕಲ್ವಾ, ಅದಕ್ಕೇ ಉಜ್ಜೋದು" ಅಂದಿರಿ. ನಾನೇ ಕೂರಿಸಿ ನೋಡಿದೆ. ಟಕ್ ಅಂತ ಕೂತಿತು. ಸಂದು ಹಾಗೇ ಬಿಟ್ಟರೆ ಪಕ್ಕದ ಹಲ್ಲು ವಾಲಬಹುದು, ಮೇಲಿನದು ಇಳಿಯಬಹುದು ಅಂತಲೂ ಹೇಳಿದಿರಿ. ಇಂಪ್ಲಾಂಟ್, ಅಂದರೆ ದವಡೆ ಮೂಳೆಗೇ ತಿರುಪು ಕೂರಿಸಿ ಅದರ ಮೇಲೆ ಹಲ್ಲು ಹಾಕೋದರ ಬಗ್ಗೆಯೂ ಕೇಳಿ ನೋಡಿ, ಅವಸರವಿಲ್ಲ ಅಂದಿರಿ.

ಮತ್ತೆ ಕೂತೆ. "ನೋವಾದರೆ ಎಡಗೈ ಎತ್ತಿ" ಅಂದಿದ್ದಿರಲ್ಲ, ಎರಡು ಸಲ ಸುಮ್ನೆ ಎತ್ತಿದ್ದೆ, ಪರೀಕ್ಷೆ ಮಾಡೋಕೆ! ಎರಡು ಸಲವೂ ಮಿಷನ್ ನಿಲ್ಲುವ ಹಾಗೆ ಮಾಡಿದಿರಿ. ಗಲ್ಲದ ಮೇಲೆ ಇಳಿದ ಜೊಲ್ಲನ್ನು ನನಗೆ ಮುಜುಗರವಾಗುವ ಮೊದಲೇ ಒರೆಸಿದಿರಿ.

ಸಿಮೆಂಟ್ ಹಾಕಿ ಕೂರಿಸಿದ ದಿನ, ಬ್ರಿಡ್ಜ್ ಅಡಿಯಲ್ಲಿ ದಾರ ತೂರಿಸಿ ಸ್ವಚ್ಛ ಮಾಡುವುದನ್ನು ಕನ್ನಡಿ ಹಿಡಿದು ಕಲಿಸಿದಿರಿ. ಮೂರನೇ ಸಲಕ್ಕೆ ಬಂತು. ಈಗ ದಿನಾ ರಾತ್ರಿ ಒಂದೇ ಸಲಕ್ಕೆ ತೂರುತ್ತದೆ. ಥ್ಯಾಂಕ್ಸ್ ಸಿಸ್ಟರ್.